ತಲೆಗೆ ಹತ್ತು ರೂಪಾಯಿ: ದರೋಗಾನ ಸಂಬಳದ ಕತೆ

ಪೊಲೀಸರ ಲಂಚ ಮತ್ತು ಲಾಠಿಯ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಅವರ ಸಂಬಳದ ಚರಿತ್ರೆಯ ಬಗ್ಗೆ ಮಾತಾಡುವುದು ಕಡಿಮೆ. ಈ ಎರಡಕ್ಕೂ ಇರುವ ನಂಟು ಹಳೆಯದು.

ಮೊಗಲರ ಕಾಲದಲ್ಲಿ ನಗರದ ಕಾವಲು ಕೊತ್ವಾಲನದಾಗಿತ್ತು. ಕದ್ದ ಮಾಲನ್ನು ಪತ್ತೆ ಹಚ್ಚಲಾಗದಿದ್ದರೆ ಅದರ ನಷ್ಟವನ್ನು ಅವನೇ ತುಂಬಿಕೊಡಬೇಕೆಂಬ ನಿಯಮವಿತ್ತು. ಎಲ್ಲ ಕಡೆ, ಎಲ್ಲ ಕಾಲದಲ್ಲೂ ಅದು ಪಾಲನೆಯಾಯಿತೆಂದು ಹೇಳಲಾಗದು. ಆದರೆ ಕಳ್ಳತನವಾದರೆ ನಷ್ಟ ಕಾವಲುಗಾರನಿಗೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಈಸ್ಟ್ ಇಂಡಿಯಾ ಕಂಪನಿ ಇದನ್ನು ತಲೆಕೆಳಗು ಮಾಡಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1792-93ರಲ್ಲಿ ಬಂಗಾಳದ ಜಮೀನ್ದಾರರಿಂದ ಪೊಲೀಸ್ ಅಧಿಕಾರವನ್ನು ಕಿತ್ತುಕೊಂಡು, ಜಿಲ್ಲೆಗಳನ್ನು ಠಾಣೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ದರೋಗಾನನ್ನು ನೇಮಿಸಿದ. ಅವನ ಸಂಬಳ ತಿಂಗಳಿಗೆ 25 ರೂಪಾಯಿ. ಅದರ ಮೇಲೆ ಎರಡು ಆಮಿಷಗಳಿದ್ದವು. ಅವನು ಹಿಡಿದ ಡಕಾಯಿತನಿಗೆ ಶಿಕ್ಷೆಯಾದರೆ ತಲೆಗೆ 10 ರೂಪಾಯಿ, ಕದ್ದ ಮಾಲು ಸಿಕ್ಕಿದರೆ ಅದರ ಬೆಲೆಯಲ್ಲಿ ನೂರಕ್ಕೆ ಹತ್ತು.

ಸರಕಾರದ ಲೆಕ್ಕ ಸರಳವಾಗಿತ್ತು: ಲಾಭ ಕಂಡರೆ ದರೋಗಾ ಚುರುಕಾಗಿ ದುಡಿಯುತ್ತಾನೆ. ಆದರೆ ವಿಶಾಲವಾದ ಠಾಣಾ ಪ್ರದೇಶಕ್ಕೆ ಅವನ ಕೈಕೆಳಗಿದ್ದದ್ದು ಬೆರಳೆಣಿಕೆಯ ಜವಾನರು. ಊರಿನ ಚೌಕಿದಾರ ಅವನ ಆಜ್ಞೆಗೆ ಒಳಪಟ್ಟಿದ್ದರೂ ಅವನ ಹೊಟ್ಟೆಪಾಡಿನ ಹೊಣೆಯನ್ನು ಸರಕಾರ ಹೊರಲಿಲ್ಲ. ಇತ್ತ ಜಮೀನ್ದಾರರ ಬಳಿ ಕಾವಲಿಗಿದ್ದ ಪೈಕರು ಕೆಲಸ ಕಳೆದುಕೊಂಡರು. ಡಕಾಯಿತಿ ತಗ್ಗಲಿಲ್ಲ. ಶಿಕ್ಷೆಯಾದವನ ತಲೆಗೆ ಬೆಲೆ ಕಟ್ಟಿದ ಮೇಲೆ, ಆ ತಲೆ ನಿಜವಾದ ಡಕಾಯಿತನದೇ ಆಗಿರಬೇಕೆಂಬ ಒತ್ತಾಯ ಉಳಿಯುತ್ತದೆಯೇ? ಹಣಕ್ಕಾಗಿ ಸುಳಿವು ಕೊಡುವ ಗೋಯಿಂದರನ್ನು ನೆಚ್ಚಿಕೊಂಡ ಮೇಲಂತೂ, ನಿರಪರಾಧಿಗಳು ಸಿಕ್ಕಿಬೀಳುತ್ತಿದ್ದಾರೆಂಬ ದೂರು ಕಂಪನಿಯ ಅಧಿಕಾರಿಗಳಿಂದಲೇ ಬಂತು.

1814ರಲ್ಲಿ ಲಂಡನ್ನಿನ ನಿರ್ದೇಶಕರು ಈ ಪದ್ಧತಿಯನ್ನು ಖಂಡಿಸಿದರು. ಮದರಾಸು ಪ್ರಾಂತ್ಯದಲ್ಲಿ 1816ರಲ್ಲಿ ಥಾಮಸ್ ಮನ್ರೋ ಅವರ ಸಲಹೆಯಂತೆ ದರೋಗಾ ಹುದ್ದೆ ರದ್ದಾಗಿ, ಪೊಲೀಸ್ ಕೆಲಸ ತಹಶೀಲ್ದಾರರು ಮತ್ತು ಊರಿನ ಪಟೇಲರ ಕೈಗೆ ಬಂತು. ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕೆನರಾ, ಬಳ್ಳಾರಿಗಳೂ ಈ ಬದಲಾವಣೆಗೆ ಒಳಪಟ್ಟವು. ಆದರೆ ಕಂದಾಯ ವಸೂಲಿಯೂ ಕಳ್ಳರ ಪತ್ತೆಯೂ ಒಂದೇ ಕೈಗೆ ಸೇರಿದಾಗ ಹೊಸ ಅನಾಹುತ ಹುಟ್ಟಿತು. ಬಾಕಿ ವಸೂಲಿಗೂ ತಪ್ಪೊಪ್ಪಿಗೆಗೂ ಜನರನ್ನು ಹಿಂಸಿಸಲಾಗುತ್ತಿತ್ತೆಂದು 1855ರಲ್ಲಿ ಮದರಾಸಿನ ಚಿತ್ರಹಿಂಸಾ ಆಯೋಗ ವರದಿ ಕೊಟ್ಟಿತು. 1859ರಲ್ಲಿ ಮದರಾಸಿಗೆ, 1861ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಹೊಸ ಪೊಲೀಸ್ ಕಾನೂನುಗಳು ಬಂದವು.

ಸಮವಸ್ತ್ರ ಬಂದರೂ ಹೊಟ್ಟೆ ತುಂಬಲಿಲ್ಲ. ಕರ್ಜನ್ ಕಾಲದಲ್ಲಿ ಆಂಡ್ರೂ ಫ್ರೇಸರ್ ಅಧ್ಯಕ್ಷತೆಯ ಆಯೋಗ (1902-03) ಪೊಲೀಸರನ್ನು ಜನ ಭ್ರಷ್ಟರೆಂದೂ ದಬ್ಬಾಳಿಕೆಗಾರರೆಂದೂ ಕಾಣುತ್ತಾರೆಂದು ಒಪ್ಪಿಕೊಂಡಿತು. ಕಾನ್ಸ್‌ಟೇಬಲನಿಗೆ ತಿಂಗಳಿಗೆ ಕನಿಷ್ಠ 8 ರೂಪಾಯಿ ಕೊಡಿರೆಂದಿತು. ಜತೆಗೆ, ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ನೇರ ನೇಮಕಾತಿಯೇ ಮುಖ್ಯವಾಗಲೆಂದೂ ಹೇಳಿತು. ಅಂದರೆ ತಳದವನಿಗೆ ತುಸು ಕೂಲಿ ಹೆಚ್ಚಿತು, ಮೇಲೇರುವ ಏಣಿ ಕಿರಿದಾಯಿತು.

ಸುಮಾರು ಹನ್ನೆರಡು ಶತಮಾನಗಳ ಹಿಂದೆ ಖಲೀಫಾ ಹಾರೂನ್ ರಶೀದರಿಗಾಗಿ 'ಕಿತಾಬುಲ್ ಖರಾಜ್' ಬರೆದ ಇಮಾಮ್ ಅಬೂ ಯೂಸುಫ್, ಹೊಡೆದು ಪಡೆದ ತಪ್ಪೊಪ್ಪಿಗೆಗೆ ಬೆಲೆಯಿಲ್ಲವೆಂದು ಹೇಳಿದ್ದರು. ಅಧಿಕಾರಿ ಅನ್ಯಾಯದ ಗಳಿಕೆಗೆ ಕೈಚಾಚದಂತೆ ಅವನಿಗೆ ಸಾಕಷ್ಟು ವೇತನವಿರಬೇಕೆಂಬ ಮಾತೂ ಆ ಗ್ರಂಥದಲ್ಲಿದೆ. ಇವೆರಡೂ ಬೇರೆಬೇರೆ ಉಪದೇಶಗಳಲ್ಲ, ಒಂದೇ ನೀತಿಯ ಎರಡು ಮುಖಗಳು.

2016ರಲ್ಲಿ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಯ ಎಚ್ಚರಿಕೆ ಕೊಟ್ಟಾಗ ಅವರ ಸಂಬಳ ಮತ್ತು ರಜೆಯ ಸಂಕಟ ಬೀದಿಗೆ ಬಂತು. 2019ರಲ್ಲಿ ಔರಾದ್ಕರ್ ಸಮಿತಿಯ ಶಿಫಾರಸಿನ ಮೇಲೆ ವೇತನ ಪರಿಷ್ಕರಣೆಯಾಯಿತು. ಅದು ನ್ಯಾಯವಾದದ್ದೇ. ಪೊಲೀಸನ ಮನೆಯ ಒಲೆ ಉರಿಯಬೇಕು, ಅವನ ಮಕ್ಕಳು ಓದಬೇಕು. ಆದರೆ ಬಹುಮಾನವನ್ನು, ಬಡ್ತಿಯನ್ನು ಹಿಡಿದ ತಲೆಗಳ ಎಣಿಕೆಗೆ ಕಟ್ಟಿಹಾಕಿದರೆ ಏನಾಗುತ್ತದೆಂಬುದಕ್ಕೆ ದರೋಗಾನ ಹತ್ತು ರೂಪಾಯಿಯೇ ಸಾಕ್ಷಿ. ಆ ಎಣಿಕೆ ತುಂಬಲು ಎಳೆದೊಯ್ಯುವವರು ಹೆಚ್ಚಾಗಿ ಕೇಳುವವರಿಲ್ಲದ ಬಡವರೇ ಆಗಿರುತ್ತಾರೆ.