ಅಟ್ಟದ ಕಡತಕ್ಕೆ ಬೆಲೆ ಎಷ್ಟು?

ಹೆಗಡೆಕಟ್ಟಾ ಕಡೆಯ ಒಂದು ಮನೆ. ಅಟ್ಟದಿಂದ ಹಳೇ ಕಡತ ಇಳಿಸಿದ ಹಿರಿಯರು ಕೇಳಿದರು: “ಇದ್ಕೆ ಎಷ್ಟು ಸಿಗ್ತು ತಮಾ?”

ಕಡತ ಅಂದ್ರೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪಾಗಿಸಿದ ಬಟ್ಟೆ, ಬರವಣಿಗೆ ಬಳಪದ್ದು. ಒರೆಸಿದರೆ ಅಕ್ಷರವೇ ಹೋಗುತ್ತೆ, ಹಾಗಾಗಿ ಸ್ವಚ್ಛ ಮಾಡಲು ಹೋಗಬೇಡಿ.

ಕಾಲ ತಿಳಿಯಲು ಶಕವರ್ಷಕ್ಕೆ 78 ಕೂಡಿಸಿ, ಸಂವತ್ಸರದ ಹೆಸರು ತಾಳೆ ನೋಡಿ. ಉದಾಹರಣೆಗೆ, ಶಕ 1620 ಬಹುಧಾನ್ಯ ಅಂದ್ರೆ ಕ್ರಿ.ಶ. 1698. ಒಂದು ವರ್ಷದ ವ್ಯತ್ಯಾಸ ಸಹಜ, ಹೆಚ್ಚಾದರೆ ಅನುಮಾನಿಸಿ.

1972ರ ಕಾಯ್ದೆಯಂತೆ ಐತಿಹಾಸಿಕ ಮಹತ್ವದ ಹಸ್ತಪ್ರತಿಗೆ 75 ವರ್ಷವಾದರೆ ಅದು ಪುರಾತನ ವಸ್ತು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಗುಜರಿಯವನಿಗೆ ಇದು ಹಳೇ ಬಟ್ಟೆ. ತೋಟದ ಗಡಿ, ಸಾಲ, ತೆರಿಗೆಯ ಇಂಥ ಲೆಕ್ಕ ಬೇರೆಲ್ಲೂ ಇರಲಿಕ್ಕಿಲ್ಲ. ಮೊದಲು ಫೋಟೋ ತೆಗೆದು ಓದಿಸಿ. ಬೆಲೆಯ ಮಾತು ಆಮೇಲೆ.