ಯಂತ್ರಕ್ಕೆ ಅನುದಾನ ಬಂತು, ಸಂಬಳಕ್ಕೆ?

ಸರ್ಕಾರದ ದುಡ್ಡಿನಲ್ಲಿ ಊರಿಗೊಂದು ಶುದ್ಧ ಇಂಧನ ಘಟಕ ಕಟ್ಟುವ ಪ್ರಯತ್ನಗಳಲ್ಲಿ ಇವತ್ತಿಗೂ ನೆನೆಯಬೇಕಾದದ್ದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಕಟ್ಟಿದ ‘ಅಸ್ತ್ರ’ ಬಳಗ ಅಲ್ಲಿ ಸಾಮುದಾಯಿಕ ಗೋಬರ್ ಗ್ಯಾಸ್ ಘಟಕ ಸ್ಥಾಪಿಸಿತು. ಮೊದಲು ಹಾಕಿಕೊಂಡ ಲೆಕ್ಕ ಅಡುಗೆ ಅನಿಲದ್ದು. ಆದರೆ ಇಡೀ ಊರಿನ ಒಲೆ ಉರಿಸುವಷ್ಟು ಸಗಣಿ ಊರಲ್ಲಿ ಇರಲಿಲ್ಲ. ಜನರಿಗೂ ಅದಕ್ಕಿಂತ ತುರ್ತಾಗಿ ಬೇಕಿದ್ದದ್ದು ನೀರು.

1987ರಲ್ಲಿ ಯೋಜನೆಯ ದಿಕ್ಕೇ ಬದಲಾಯಿತು. ಅನಿಲಕ್ಕೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿ, ಆ ಕರೆಂಟಿನಿಂದ ಕೊಳವೆಬಾವಿಯ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ಟ್ಯೂಬ್‌ಲೈಟ್ ಕೊಟ್ಟರು. ಸಗಣಿ ತಂದವರಿಗೆ ತೂಕ ಹಾಕಿ, ಹೊತ್ತು ತಂದ ಶ್ರಮಕ್ಕೆ ಕೆ.ಜಿ.ಗೆ 2 ಪೈಸೆ ಕೊಡುತ್ತಿದ್ದರು. ಗ್ಯಾಸ್ ತೆಗೆದ ಮೇಲಿನ ಬಗ್ಗಡ ಅವರವರ ಪಾಲಿನಂತೆ ಗೊಬ್ಬರವಾಗಿ ವಾಪಸ್ ಹೋಗುತ್ತಿತ್ತು. ಈ ಕೂಲಿ ಹೆಚ್ಚಾಗಿ ಸೇರುತ್ತಿದ್ದದ್ದು ಹೆಂಗಸರು, ಮಕ್ಕಳ ಕೈಗೆ. ಘಟಕ ನಡೆಸುವ ಕೆಲಸ ಊರಿನ ಹುಡುಗರದೇ. ಹೀಗೆ ಹತ್ತಿರ ಹತ್ತಿರ ಒಂದು ದಶಕ ನಡೆದು ನಿಂತುಹೋಯಿತು. ನಿಂತದ್ದನ್ನಷ್ಟೇ ನೋಡಿ ಸೋಲು ಎನ್ನುವವರಿದ್ದಾರೆ. ಎಂಜಿನ್ ಬೆಲೆಯನ್ನು ಯಾರು ಬೇಕಾದರೂ ಕೊಟ್ಟಾರು. ದಿನವೂ ಸಗಣಿ ತೂಗಿ, ಪೈಸೆ ಎಣಿಸಿ ಕೊಡುವ ವ್ಯವಸ್ಥೆಯನ್ನು ಒಂದು ಹಳ್ಳಿ ಅಷ್ಟು ಕಾಲ ನಡೆಸಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ದೆಹಲಿಯ ದಾರಿ ಬೇರೆ. 1981-82ರಲ್ಲಿ ಶುರುವಾದ ರಾಷ್ಟ್ರೀಯ ಜೈವಿಕ ಅನಿಲ ಅಭಿವೃದ್ಧಿ ಯೋಜನೆಯ ಸಹಾಯಧನ ಮುಖ್ಯವಾಗಿ ಹೋದದ್ದು ಒಂದೊಂದು ಮನೆಯ ಹಿತ್ತಲಿಗೆ, ಅಂದರೆ ಕೊಟ್ಟಿಗೆಯಲ್ಲಿ ದನ ಇದ್ದವರಿಗೆ. ದನವಿಲ್ಲದವರಿಗೆ ಅದರಲ್ಲಿ ಪಾಲಿಲ್ಲ.

ಕುಣಿಗಲ್ ಸೀಮೆಯಲ್ಲೇ ಹೊಸಹಳ್ಳಿಯಲ್ಲಿ 1988ರಿಂದ ಸೌದೆಯನ್ನು ಅನಿಲವಾಗಿಸುವ ಸಣ್ಣ ಗ್ಯಾಸಿಫೈಯರ್ ಓಡಿತು. ಊರಿನ ನೆಡುತೋಪಿನ ಸೌದೆಯಿಂದ ದೀಪ, ಕುಡಿಯುವ ನೀರು, ಮುಂದೆ ಹಿಟ್ಟಿನ ಗಿರಣಿ. ಈ ಅನುಭವವನ್ನು ಹಿಗ್ಗಿಸಿ, 2001ರ ಹೊತ್ತಿಗೆ ಜಾಗತಿಕ ಪರಿಸರ ನಿಧಿ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ದುಡ್ಡಿನಲ್ಲಿ ‘ಬೇರಿ’ ಎಂಬ ಯೋಜನೆ ತುಮಕೂರು ಜಿಲ್ಲೆಗೆ ಬಂತು. ಮೂರು ಕಡೆ ಸೇರಿ 880 ಕಿಲೋವ್ಯಾಟ್ ಸಾಮರ್ಥ್ಯ. ಅವುಗಳಲ್ಲಿ ಒಂದಾದ ಕಬ್ಬಿಗೆರೆಯಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂಗೆ ಮಾರಲು ಶುರುಮಾಡಿದಾಗ, ಗ್ರಾಮ ಪಂಚಾಯಿತಿಯೊಂದು ಕರೆಂಟ್ ಮಾರುತ್ತಿದೆ ಎಂದು ಪತ್ರಿಕೆಗಳು ಸಂಭ್ರಮಪಟ್ಟವು. ಆದರೆ ಸೌದೆ, ಆಳು, ರಿಪೇರಿ ಎಲ್ಲ ಕೂಡಿಸಿದರೆ ಒಂದು ಯೂನಿಟ್ಟಿಗೆ ತಗಲುವ ಖರ್ಚು ಸಿಗುವ ದರಕ್ಕಿಂತ ಜಾಸ್ತಿ. ಅನುದಾನ ಕಟ್ಟಡ ಮುಗಿಯುವ ತನಕ ಜೊತೆಗಿತ್ತು. ಆಮೇಲಿನ ತಿಂಗಳ ಲೆಕ್ಕ ಊರಿನ ತಲೆಯ ಮೇಲೆ ಬಿತ್ತು.

ಆಮೇಲೆ ಬಂದ ಕೇಂದ್ರದ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ ಮೂಲ ಬಂಡವಾಳದ ಶೇ. 90ರಷ್ಟನ್ನು ಕೊಡುತ್ತಿತ್ತು. ಗ್ರಿಡ್ ಮುಟ್ಟದ ಊರುಗಳ ಸ್ಥಳೀಯ ಘಟಕಗಳಿಗೂ ಅದೇ ಸೌಲಭ್ಯ. ಆದರೆ ಕಂಬ-ತಂತಿಯೇ ಊರು ತಲುಪಿದ ಮೇಲೆ ಸಣ್ಣ ಘಟಕವನ್ನು ಕೇಳುವವರು ಯಾರು?

2014ರಲ್ಲಿ ಕರ್ನಾಟಕ ಪ್ರಕಟಿಸಿದ ‘ಸೂರ್ಯ ರೈತ’ ಯೋಜನೆ ಆ ತಂತಿಯನ್ನೇ ಬಳಸಿಕೊಂಡಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ರೈತರ ಸಂಘ ಕಟ್ಟಿ, ಸೌರ ಪಂಪ್‌ಸೆಟ್‌ಗೆ ಬೇಡವಾದ ವಿದ್ಯುತ್ತನ್ನು ಬೆಸ್ಕಾಂಗೆ ಮಾರುವ ಏರ್ಪಾಡಾಯಿತು. 2019ರ ಪಿಎಂ-ಕುಸುಮ್ ಪಂಚಾಯಿತಿ, ಸಹಕಾರ ಸಂಘಗಳಿಗೂ 2 ಮೆಗಾವ್ಯಾಟ್‌ವರೆಗಿನ ಘಟಕ ಕಟ್ಟಲು ಬಾಗಿಲು ತೆರೆಯಿತು.

ಈಗಿನ ದೊಡ್ಡ ದುಡ್ಡು ಚಾವಣಿಯ ಮೇಲಿದೆ. 2024ರ ಪಿಎಂ ಸೂರ್ಯ ಘರ್ ಯೋಜನೆಗೆ 75,021 ಕೋಟಿ ರೂಪಾಯಿ. 3 ಕಿಲೋವ್ಯಾಟ್ ಹಾಕಿಸುವ ಮನೆಗೆ 78,000 ರೂಪಾಯಿ ಸಹಾಯಧನ. ಬೀದಿದೀಪ, ಲಿಫ್ಟು ಮುಂತಾದ ಸಾಮಾನ್ಯ ಬಳಕೆಗೆ ಫಲಕ ಹಾಕಿಸುವ ನಿವಾಸಿಗಳ ಸಂಘಕ್ಕೆ ಕಿಲೋವ್ಯಾಟಿಗೆ 18,000. ಸ್ವಂತ ಚಾವಣಿ ಇಲ್ಲದ ಬಾಡಿಗೆದಾರ ಇಲ್ಲಿ ಹಿಂದಿನ ದನವಿಲ್ಲದವನ ಜಾಗದಲ್ಲಿದ್ದಾನೆ. ಇಡೀ ಊರನ್ನು ನೋಡುವ ಭಾಗ ಒಂದಿದೆ: ಮಾದರಿ ಸೌರ ಗ್ರಾಮ. ಒಟ್ಟು 800 ಕೋಟಿ. ಜಿಲ್ಲೆಗೊಂದು ಊರು, ಊರಿಗೆ 1 ಕೋಟಿ. ಆಯ್ಕೆ ಪೈಪೋಟಿಯ ಮೇಲೆ. ಸ್ಪರ್ಧೆಗಿಳಿದ ಊರುಗಳಲ್ಲಿ ಆರು ತಿಂಗಳ ನಂತರ ಯಾವುದರ ಸೌರ ಮತ್ತಿತರ ನವೀಕರಿಸಬಹುದಾದ ಸಾಮರ್ಥ್ಯ ಹೆಚ್ಚಿದೆಯೋ ಅದು ಗೆದ್ದಂತೆ. ಎಣಿಸುವುದು ಕಿಲೋವ್ಯಾಟನ್ನು. ಐದು ವರ್ಷದ ಮೇಲೆ ಕೆಟ್ಟ ಇನ್ವರ್ಟರ್ ಬದಲಿಸಲು ಪಂಚಾಯಿತಿ ದುಡ್ಡು ಎತ್ತಿಟ್ಟಿದೆಯೇ ಎಂಬುದಕ್ಕೆ ಅಂಕವಿಲ್ಲ.