ಪರಿಹಾರದ ಹಣ, ಉತ್ತರದ ಬಾಕಿ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರ್ಕಾರದ್ದೊಂದು, ಜನರದ್ದೊಂದು. ಜನರ ನೆನಪಿನಲ್ಲಿ ಉಳಿದ ಸಂಖ್ಯೆ 32. ಮುಂದೆ ನಡೆದದ್ದು ಎಲ್ಲರಿಗೂ ತಿಳಿದದ್ದೇ. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಯಿತು, ಕಾಂಗ್ರೆಸ್ಸಿಗೂ ಅದರ ಧ್ವಜಕ್ಕೂ ಮನ್ನಣೆ ಸಿಕ್ಕಿತು. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯೂ ಕೂತಿತು. ಗೋಲಿಬಾರಿಗೆ ರಾಜಕೀಯ ಉತ್ತರ ದೊರೆತದ್ದು ಹೀಗೆ. ಆದರೆ ಆ ದಿನ ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸು ಯಾವ ಬಾಗಿಲು ತಟ್ಟಬೇಕಿತ್ತು? ಅವಳ ಹೆಸರಿನಲ್ಲಿ, ಅವಳ ಹಕ್ಕೆಂದು ತೆರೆಯುವ ಬಾಗಿಲು ಕಾನೂನಿನಲ್ಲಿ ಇತ್ತೇ? ಈ ಪ್ರಶ್ನೆಯ ಚರಿತ್ರೆಯನ್ನು ಹಿಂಬಾಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅನ್ಯಾಯದ ಗುಂಡಿಗೆ ಬಲಿಯಾದವರ ಮನೆಯವರಿಗೆ ಪರಿಹಾರದ ಬಾಗಿಲು ನಿಧಾನವಾಗಿಯಾದರೂ ತೆರೆಯಿತು; ಗುಂಡು ಹಾರಿಸಿದವರಿಂದ ಉತ್ತರ ಕೇಳುವ ಬಾಗಿಲಿನ ಬೀಗದ ಕೈ ಮಾತ್ರ ಇಂದಿಗೂ ಸರ್ಕಾರದ ಸೊಂಟದಲ್ಲೇ ಇದೆ. ಹಣ ಕೊಡುವುದು ಉತ್ತರ ಕೊಡುವುದಕ್ಕೆ ಬದಲಿಯಾಗಬಾರದು ಎಂಬುದೇ ಈ ಲೇಖನದ ವಾದ.

ಪರಿಹಾರದ ಕಥೆ ಶುರುವಾಗುವುದು ಒಂದು ಕುದುರೆಯಿಂದ. ಕಲ್ಕತ್ತೆಯ ಕಿದ್ದರ್‌ಪುರದ ಸರ್ಕಾರಿ ಹಡಗುಕಟ್ಟೆಯ ದಾರಿಯಲ್ಲಿ ಕೂಲಿಯಾಳುಗಳು ಭಾರೀ ಕಬ್ಬಿಣದ ತುಂಡೊಂದನ್ನು ಹೊತ್ತು ಸಾಗುತ್ತಿದ್ದರು. ಹಿಂದಿನಿಂದ ಹಡಗು ಕಂಪನಿಯೊಂದರ ಸಾರೋಟು ಬಂತು. ಆಳುಗಳು ಗಾಬರಿಯಾಗಿ ಹೊರೆಯನ್ನು ಕೈಬಿಟ್ಟರು, ಸದ್ದಿಗೆ ಕುದುರೆಗಳು ಬೆದರಿ ನುಗ್ಗಿದವು, ಒಂದಕ್ಕೆ ಗಾಯವಾಯಿತು. ಕಂಪನಿ ಕೇಳಿದ ನಷ್ಟ 350 ರೂಪಾಯಿ. ಪೆನಿನ್ಸುಲರ್ ಅಂಡ್ ಓರಿಯಂಟಲ್ ಕಂಪನಿಯ ಆ ದಾವೆಯಲ್ಲಿ 1861ರಲ್ಲಿ ತೀರ್ಪಿತ್ತ ಮುಖ್ಯ ನ್ಯಾಯಾಧೀಶ ಬಾರ್ನ್ಸ್ ಪೀಕಾಕ್, ಸರ್ಕಾರ ಹಣ ಕೊಡಬೇಕು ಎಂದರು. ಹಡಗುಕಟ್ಟೆ ನಡೆಸುವುದು ಯಾವ ವ್ಯಾಪಾರಿಯೂ ಮಾಡಬಹುದಾದ ಕೆಲಸ, ಅದರಲ್ಲಿ ತಪ್ಪಾದರೆ ವ್ಯಾಪಾರಿಯಂತೆಯೇ ಹೊಣೆ ಹೊರಬೇಕು ಎಂಬುದು ಅವರ ತರ್ಕ. ಆದರೆ ಅದೇ ತೀರ್ಪು ಇನ್ನೊಂದು ಗೆರೆಯನ್ನೂ ಎಳೆಯಿತು: ದೊರೆತನದ ಅಧಿಕಾರ ಚಲಾಯಿಸುವಾಗ ಆದ ಕೆಡುಕಿಗೆ ಸರ್ಕಾರ ಹೊಣೆಯಲ್ಲ. ಕಬ್ಬಿಣ ಹೊರುವುದು ವ್ಯಾಪಾರವಾಯಿತು, ಬಂದೂಕು ಹೊರುವುದು ದೊರೆತನವಾಯಿತು. ಅನ್ಯಾಯವಾಗಿ ಸತ್ತವರ ವಾರಸುದಾರರು ದಾವೆ ಹೂಡಬಹುದೆಂದು 1855ರಲ್ಲೇ ಕಾಯಿದೆ ಬಂದಿದ್ದರೂ, ಪೊಲೀಸರ ಗುಂಡಿಗೆ ಸತ್ತವರ ಮನೆಯವರು ಸರ್ಕಾರವನ್ನು ಕಟಕಟೆಗೆ ತರುವ ಹಾದಿಗೆ ಈ ಗೆರೆ ಅಡ್ಡ ನಿಂತಿತು.

ಸ್ವಾತಂತ್ರ್ಯ ಬಂದ ಮೇಲೂ ಗೆರೆ ಅಳಿಯಲಿಲ್ಲ. ಸಂವಿಧಾನದ 300ನೇ ವಿಧಿ ಸರ್ಕಾರದ ಹೊಣೆಯನ್ನು ಹಳೆಯ ವ್ಯವಸ್ಥೆಗೇ ಕಟ್ಟಿಹಾಕಿತು. ಸಂಸತ್ತು ಬೇರೆ ಕಾನೂನು ಮಾಡಿದರೆ ಅದು ಬದಲಾಗಬಹುದಿತ್ತು. ಕಾನೂನು ಆಯೋಗ 1956ರಲ್ಲಿ ತನ್ನ ಮೊದಲ ವರದಿಯಲ್ಲೇ ಅಂಥ ಕಾನೂನು ಬೇಕೆಂದಿತು. 1965 ಮತ್ತು 1967ರಲ್ಲಿ ಮಸೂದೆಗಳೂ ಬಂದವು, ಪಾಸಾಗದೆ ಬಿದ್ದುಹೋದವು. ಆ ಮಸೂದೆಗಳಿಗೆ ತುಸು ಮುಂಚೆ, 1964ರಲ್ಲಿ, ಸುಪ್ರೀಂ ಕೋರ್ಟ್ ಕಸ್ತೂರಿಲಾಲ್ ಪ್ರಕರಣವನ್ನು ತೀರ್ಮಾನಿಸಿತ್ತು. 1947ರ ಸೆಪ್ಟೆಂಬರಿನಲ್ಲಿ ಮೀರತ್ ಪೊಲೀಸರು ಅಮೃತಸರದ ಚಿನ್ನದ ವ್ಯಾಪಾರಿಯೊಬ್ಬರನ್ನು ಅನುಮಾನದ ಮೇಲೆ ಹಿಡಿದು, ಅವರ ಬಳಿ ಇದ್ದ ನೂರಕ್ಕೂ ಹೆಚ್ಚು ತೊಲ ಚಿನ್ನವನ್ನು ಠಾಣೆಯ ಮಾಲ್‌ಖಾನೆಯಲ್ಲಿ ಇಟ್ಟಿದ್ದರು. ಅದನ್ನು ಹೆಡ್ ಕಾನ್‌ಸ್ಟೇಬಲ್ ಒಬ್ಬ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ. ಪೊಲೀಸರ ಅಲಕ್ಷ್ಯವನ್ನು ಒಪ್ಪಿಕೊಂಡ ಕೋರ್ಟು, ಬಂಧನ ಮತ್ತು ಜಪ್ತಿ ದೊರೆತನದ ಕೆಲಸವಾದ್ದರಿಂದ ಸರ್ಕಾರ ಕೊಡಬೇಕಾದದ್ದು ಏನೂ ಇಲ್ಲ ಎಂದಿತು. ಕುದುರೆಯ ಗಾಯಕ್ಕೆ ಇದ್ದ ಬೆಲೆ ಸ್ವತಂತ್ರ ದೇಶದ ಪ್ರಜೆಯ ನಷ್ಟಕ್ಕೆ ಸಿಗಲಿಲ್ಲ. ಇದು ಚಿನ್ನದ ಮಾತಾಯಿತು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ನರಗುಂದ ಮತ್ತು ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತಾಗಲೂ ಕಾನೂನು ನಿಂತಿದ್ದದ್ದು ಇಲ್ಲಿಯೇ. ಆ ಸಾವುಗಳು ರೈತ ಚಳವಳಿಯನ್ನು ಬೆಳೆಸಿದವು, ರಾಜ್ಯದ ರಾಜಕೀಯವನ್ನೇ ತಿರುಗಿಸಿದವು. ವಿದುರಾಶ್ವತ್ಥದಂತೆ ಇಲ್ಲಿಯೂ ಉತ್ತರ ಬಂದದ್ದು ಬೀದಿಯಿಂದ ಮತ್ತು ಮತಪೆಟ್ಟಿಗೆಯಿಂದ.

ತಿರುವು ಬಂದದ್ದು 1983ರಲ್ಲಿ. 1968ರಲ್ಲೇ ಖುಲಾಸೆಯಾಗಿದ್ದ ರುದುಲ್ ಸಾಹ್ ಎಂಬಾತನನ್ನು ಬಿಹಾರದ ಜೈಲು 14 ವರ್ಷ ಬಿಡದೆ ಇಟ್ಟುಕೊಂಡಿತ್ತು. ಬರೀ ಬಿಡುಗಡೆಗೆ ಆದೇಶಿಸಿ ಸುಮ್ಮನಾದರೆ ಬದುಕುವ ಹಕ್ಕಿಗೆ ಬಾಯಿಮಾತಿನ ಗೌರವ ಕೊಟ್ಟಂತಾಗುತ್ತದೆ ಎಂದು ಭಾವಿಸಿದ ಸುಪ್ರೀಂ ಕೋರ್ಟ್, ಸಂವಿಧಾನದ 32ನೇ ವಿಧಿಯಡಿ ನೇರವಾಗಿ ಹಣ ಕೊಡಿಸಿತು. ಬಿಹಾರದ ಅರ್ವಲ್‌ನಲ್ಲಿ 1986ರ ಏಪ್ರಿಲಿನಲ್ಲಿ ನಿರಾಯುಧರ ಮೇಲೆ ನಡೆದ ಗೋಲಿಬಾರಿಗೆ ಸಂಬಂಧಿಸಿ, ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 20,000 ರೂಪಾಯಿ, ಗಾಯಗೊಂಡವರಿಗೆ 5,000 ರೂಪಾಯಿ ಕೊಡುವಂತೆ ಆದೇಶವಾಯಿತು. ಆದರೆ ತತ್ವ ಗಟ್ಟಿಯಾದದ್ದು 1993ರ ನೀಲಾವತಿ ಬೆಹೆರಾ ಪ್ರಕರಣದಲ್ಲಿ. ಒಡಿಶಾದ ಈ ತಾಯಿಯ 22 ವರ್ಷದ ಮಗನನ್ನು ಪೊಲೀಸರು ಕರೆದೊಯ್ದ ಮರುದಿನ ಅವನ ಹೆಣ ರೈಲು ಹಳಿಯ ಮೇಲೆ ಬಿದ್ದಿತ್ತು. ತಪ್ಪಿಸಿಕೊಂಡು ಓಡಿ ರೈಲಿಗೆ ಸಿಕ್ಕ ಎಂದರು ಪೊಲೀಸರು. ತಾಯಿ ಕೋರ್ಟಿಗೆ ಬರೆದದ್ದು ಒಂದು ಪತ್ರ. ಅದನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡ ಪೀಠ 1,50,000 ರೂಪಾಯಿ ಕೊಡಿಸಿತು. ಮೂಲಭೂತ ಹಕ್ಕು ಮುರಿದಾಗ ದೊರೆತನದ ನೆಪ ನಡೆಯದು ಎಂದು ಸಾರಿದ ಆ ಮೂವರ ಪೀಠದಲ್ಲಿ, ಮುಂದೆ ಕರ್ನಾಟಕದ ಲೋಕಾಯುಕ್ತರಾದ ಎನ್. ವೆಂಕಟಾಚಲ ಅವರೂ ಇದ್ದರು. ಅದು ಗುಂಡೇಟಿನ ಸಾವಲ್ಲ, ಕಸ್ಟಡಿ ಸಾವು. ಆದರೂ ತತ್ವ ಅಲ್ಲಿಂದ ಇಲ್ಲಿಗೆ ದಾಟಲು ತಡವಾಗಲಿಲ್ಲ. 1997ರಲ್ಲಿ ಮಣಿಪುರದ ನಕಲಿ ಎನ್‌ಕೌಂಟರಿನಲ್ಲಿ ಸತ್ತ ಇಬ್ಬರ ಕುಟುಂಬಗಳಿಗೆ ತಲಾ ಒಂದು ಲಕ್ಷ ರೂಪಾಯಿ ಕೊಡಲು ಹೇಳುವಾಗ ಕೋರ್ಟು ಇದೇ ತತ್ವದ ಮೇಲೆ ನಿಂತಿತ್ತು.

ಹೀಗೆ ಹಣದ ಬಾಗಿಲು ತೆರೆಯಿತು. ಇನ್ನೊಂದು ಬಾಗಿಲಿನ ಕಥೆಯೇ ಬೇರೆ. ಗುಂಪು ಚದುರಿಸಲು ಬಲ ಬಳಸಿದವರ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎಂಬ 132ನೇ ಕಲಂ, ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಪೂರ್ವಾನುಮತಿ ಬೇಕೆಂಬ 197ನೇ ಕಲಂ, ಇವೆರಡೂ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದವು. ಆಳುವವರು ಹೊರಗಿನವರು, ಆಳಿಸಿಕೊಳ್ಳುವವರು ಅನುಮಾನಾಸ್ಪದರು ಎಂಬ ಕಾಲದ ಕಲಂಗಳವು. 1973ರ ಸಂಹಿತೆ ಅದೇ ಸಂಖ್ಯೆಗಳೊಡನೆ ಅವನ್ನು ಉಳಿಸಿಕೊಂಡಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವು 151 ಮತ್ತು 218 ಆಗಿವೆ. ಹೊಸ ಸಂಹಿತೆ ಒಂದು ಒಳ್ಳೆಯ ಕೆಲಸ ಮಾಡಿದೆ: 218ರಡಿ ಸರ್ಕಾರ 120 ದಿನಗಳಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ. ಆದರೆ ಗೋಲಿಬಾರಿಗೆ ನೇರವಾಗಿ ಅನ್ವಯಿಸುವ 151ರಲ್ಲಿ ಅಂಥ ಗಡುವು ಇಲ್ಲ. ಕರ್ನಾಟಕದಲ್ಲಿ ಇನ್ನೂ ಒಂದು ಅಗುಳಿ ಇದೆ. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 170ನೇ ಕಲಮಿನ ಪ್ರಕಾರ ಕರ್ತವ್ಯದ ಸೋಗಿನಲ್ಲಿ ಮಾಡಿದ ಕೃತ್ಯಕ್ಕೂ ಸರ್ಕಾರದ ಅನುಮತಿ ಬೇಕು. ಕರ್ತವ್ಯದ ಮಿತಿ ಮೀರಿದ್ದರೂ ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ಸಂಬಂಧವಿದ್ದರೆ ಈ ರಕ್ಷಣೆ ಸಿಗುತ್ತದೆ ಎಂದು 2020ರಲ್ಲಿ ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ವಿಚಾರಣಾ ಆಯೋಗಗಳು ಈ ಕೊರತೆ ತುಂಬುತ್ತವೆ ಎಂದು ನಂಬಿದವರು ಬಹಳ. ಆದರೆ 1952ರ ಕಾಯಿದೆಯಡಿ ರಚನೆಯಾಗುವ ಆಯೋಗಕ್ಕೆ ಸತ್ಯ ಹುಡುಕುವ ಅಧಿಕಾರವಿದೆ, ಶಿಕ್ಷಿಸುವ ಅಧಿಕಾರವಿಲ್ಲ. ಅದರ ವರದಿ ಸರ್ಕಾರಕ್ಕೆ ಸಲಹೆ ಮಾತ್ರ; ಅಲ್ಲಿ ಕೊಟ್ಟ ಹೇಳಿಕೆಯನ್ನು ಹೇಳಿದವರ ವಿರುದ್ಧ ಮೊಕದ್ದಮೆಯಲ್ಲಿ ಬಳಸುವಂತಿಲ್ಲ. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ಆದಾಗ ಆಯೋಗ ಬಂತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಇಬ್ಬರು ಗುಂಡಿಗೆ ಸತ್ತಾಗ ಮ್ಯಾಜಿಸ್ಟೀರಿಯಲ್ ತನಿಖೆ ಬಂತು. ಆಗ ಘೋಷಿಸಿದ ಹತ್ತು ಲಕ್ಷ ರೂಪಾಯಿ ಪರಿಹಾರವನ್ನು ಕೆಲವೇ ದಿನಗಳಲ್ಲಿ ತನಿಖೆ ಮುಗಿಯುವವರೆಗೆ ತಡೆಹಿಡಿಯಲಾಯಿತು. ಆ ಕುಟುಂಬಗಳ ಕಡೆಯಿಂದ ನೋಡಿದರೆ ಇದರ ಅರ್ಥ ಸ್ಪಷ್ಟ. ಕೋರ್ಟು ಹಕ್ಕೆಂದು ಕರೆದದ್ದು ಆಡಳಿತದ ಕೈಗೆ ಬಂದಾಗ ಮತ್ತೆ ಕೃಪೆಯಾಗುತ್ತದೆ, ಕೃಪೆಯನ್ನು ಕೊಟ್ಟ ಹಾಗೆಯೇ ಹಿಂದಕ್ಕೂ ಪಡೆಯಬಹುದು.

ಈ ಕತ್ತಲಲ್ಲಿ ದೀಪ ಹಿಡಿದವರಲ್ಲಿ ಕನ್ನಡಿಗರೊಬ್ಬರನ್ನು ನೆನೆಯಲೇಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ಎಂ.ಎನ್. ವೆಂಕಟಾಚಲಯ್ಯ ಅವರು 1997ರ ಮಾರ್ಚ್ 29ರಂದು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಪೊಲೀಸರಿಗೆ ಜೀವ ತೆಗೆಯುವ ವಿಶೇಷ ಹಕ್ಕೇನೂ ಇಲ್ಲ. ಆತ್ಮರಕ್ಷಣೆಗೋ ಕಾನೂನು ಒಪ್ಪುವ ಬಂಧನಕ್ಕೋ ಅನಿವಾರ್ಯವಲ್ಲದ ಸಾವು ಅಪರಾಧ. ಅದನ್ನು ದಾಖಲಿಸಿ ಸಿಐಡಿಯಂಥ ಬೇರೆ ಸಂಸ್ಥೆಯಿಂದ ತನಿಖೆ ಮಾಡಿಸಬೇಕು ಎಂಬುದು ಅದರ ಸಾರ. 2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಹೊರಡಿಸಿದ 16 ಮಾರ್ಗಸೂಚಿಗಳಲ್ಲಿ ಈ ವಿಚಾರಗಳಿಗೆ ಕಾನೂನಿನ ಬಲ ಬಂತು. ಎಫ್‌ಐಆರ್ ಕಡ್ಡಾಯ, ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡದ್ದು, ಬಳಸಿದ ಆಯುಧ ಪರೀಕ್ಷೆಗೆ ಒಪ್ಪಿಸಬೇಕು, ಶೌರ್ಯ ಸಂದೇಹಾತೀತವಾಗುವವರೆಗೆ ಬಡ್ತಿ ಪದಕಗಳಿಲ್ಲ. ಕ್ರಮ ಪಾಲಿಸಿಲ್ಲವೆಂದು ಕಂಡರೆ ಕುಟುಂಬ ಸೆಷನ್ಸ್ ನ್ಯಾಯಾಧೀಶರ ಮುಂದೆ ಹೋಗಬಹುದು. ತೀವ್ರ ಗಾಯದ ಪ್ರಕರಣಗಳಿಗೂ ಸಾಧ್ಯವಾದಷ್ಟು ಇದೇ ಕ್ರಮ. ‘ಆರೋಪಿಯ ಕಾಲಿಗೆ ಗುಂಡೇಟು’ ಎಂಬ ಶೀರ್ಷಿಕೆಯನ್ನು ಪತ್ರಿಕೆಗಳಲ್ಲಿ ಓದಿ ಮುಂದಕ್ಕೆ ಹೋಗುವ ನಾವು ಈ ಕೊನೆಯ ಮಾತನ್ನು ಗಮನಿಸಬೇಕು.

ಇದಕ್ಕೆ ಎದುರು ವಾದಗಳಿವೆ, ಅವುಗಳಲ್ಲಿ ತೂಕವೂ ಇದೆ. ಕಲ್ಲು ಬೀಳುತ್ತಿರುವಾಗ ಪೇದೆಗೆ ಯೋಚಿಸಲು ಸಿಗುವುದು ಕ್ಷಣ ಮಾತ್ರ, ಕೋರ್ಟಿಗೆ ವರ್ಷಗಳೇ ಸಿಗುತ್ತವೆ, ಹೀಗಿರುವಾಗ ಅವನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೇ ಎನ್ನುತ್ತಾರೆ. ಆ ಕ್ಷಣದ ಸಂಕಟ ಸುಳ್ಳಲ್ಲ. ಅದಕ್ಕೆಂದೇ ಆತ್ಮರಕ್ಷಣೆಯ ಕಾನೂನಿದೆ, ಅದು ಪೇದೆಗೂ ಇದೆ, ರೈತನಿಗೂ ಇದೆ. ರೈತ ಆತ್ಮರಕ್ಷಣೆಗೆ ಕುಡುಗೋಲು ಬೀಸಿದನೆಂದರೆ ಅದನ್ನು ತೂಗುವುದು ನ್ಯಾಯಾಲಯ. ಪೇದೆ ಬಂದೂಕು ಎತ್ತಿದಾಗ ಮಾತ್ರ ತೂಗುವ ತಕ್ಕಡಿ ಗೃಹ ಇಲಾಖೆಯ ಕಡತವಾಗಬೇಕೆ? ಅನುಮತಿಯ ಬೇಲಿ ತೆಗೆದರೆ ಸುಳ್ಳು ಮೊಕದ್ದಮೆಗಳ ಪ್ರವಾಹ ಬರುತ್ತದೆ ಎಂಬುದು ಎರಡನೆಯ ವಾದ. ಬೇಲಿ ಇರಲಿ, ಆದರೆ ಅದನ್ನು ಕಾಯುವವರು ಗುಂಡಿನ ಆದೇಶ ಹೊರಟ ವ್ಯವಸ್ಥೆಯವರೇ ಆಗಬಾರದು. ಹೊಸ ಸಂಹಿತೆಯೇ ಸರ್ಕಾರಿ ನೌಕರರ ಮೇಲಿನ ದೂರಿನಲ್ಲಿ ಮೇಲಧಿಕಾರಿಯ ವರದಿ ತರಿಸಿಕೊಂಡು, ನೌಕರನ ಮಾತನ್ನೂ ಕೇಳಬೇಕು ಎಂದು ಮ್ಯಾಜಿಸ್ಟ್ರೇಟರಿಗೆ ಹೇಳಿದೆ. ಪೊಳ್ಳು ದೂರು ಜರಡಿಯಲ್ಲಿ ಸೋಸಿಹೋಗಲು ಅಷ್ಟು ಸಾಕು. ಸತ್ತವನು ರೌಡಿಶೀಟರ್ ಎಂಬುದು ಮೂರನೆಯ ಮಾತು. ಮಣಿಪುರದ 1,528 ಸಾವುಗಳ ಆರೋಪವನ್ನು ಕೇಳಿದ ಸುಪ್ರೀಂ ಕೋರ್ಟ್ 2016ರಲ್ಲಿ ಇದಕ್ಕೆ ಉತ್ತರಿಸಿದೆ: ಸತ್ತವನು ಸಾಮಾನ್ಯನೋ ಉಗ್ರನೋ ಎಂಬುದರಿಂದ ಕಾನೂನು ಬದಲಾಗುವುದಿಲ್ಲ. ತೆರಿಗೆ ಹಣದಲ್ಲಿ ಪರಿಹಾರ ಏಕೆ ಎಂದು ಕೇಳುವವರೂ ಇದ್ದಾರೆ. ದೆಹಲಿ ಪೊಲೀಸರ ಹೊಡೆತಕ್ಕೆ ಸತ್ತ ಒಂಬತ್ತು ವರ್ಷದ ಹುಡುಗನ ತಾಯಿಗೆ 1990ರಲ್ಲಿ 75,000 ರೂಪಾಯಿ ಕೊಡಿಸಿದ ಕೋರ್ಟು, ಅದನ್ನು ತಪ್ಪಿತಸ್ಥ ಅಧಿಕಾರಿಗಳಿಂದ ವಸೂಲಿ ಮಾಡಬಹುದು ಎಂದಿತ್ತು. ತಪ್ಪಿತಸ್ಥ ಯಾರೆಂದು ತೀರ್ಮಾನವಾಗದೆ ವಸೂಲಿ ಹೇಗೆ? ಈ ಪ್ರಶ್ನೆಯೂ ನಮ್ಮನ್ನು ಆ ಮುಚ್ಚಿದ ಬಾಗಿಲ ಮುಂದೆಯೇ ತಂದು ನಿಲ್ಲಿಸುತ್ತದೆ.

1938ರ ಹೆಂಗಸಿಗೆ ಇಲ್ಲದ ದಾರಿಗಳು ಇಂದಿನವಳಿಗೆ ಇವೆ. ಠಾಣೆ ಎಫ್‌ಐಆರ್ ಒಲ್ಲೆನೆಂದರೆ ಎಸ್‌ಪಿಗೆ ಬರೆಯಬಹುದು, ಅಲ್ಲಿಂದ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಹೈಕೋರ್ಟಿನಲ್ಲಿ 226ನೇ ವಿಧಿಯಡಿ ರಿಟ್ ಹಾಕಿ ಸ್ವತಂತ್ರ ತನಿಖೆ ಮತ್ತು ಪರಿಹಾರ ಎರಡನ್ನೂ ಕೇಳಬಹುದು. ಘಟನೆಯಾಗಿ ವರ್ಷ ಕಳೆಯುವ ಮೊದಲು ಮಾನವ ಹಕ್ಕುಗಳ ಆಯೋಗಕ್ಕೆ ದೂರಬಹುದು. ಎರಡು ತಿಂಗಳ ನೋಟಿಸು ಕೊಟ್ಟು ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡಬಹುದು. ದಾರಿಗಳು ಹೆಚ್ಚಿವೆ, ಆದರೆ ಅಪರಾಧಕ್ಕೆ ಉತ್ತರ ಕೇಳುವ ದಾರಿ ಮಾತ್ರ ಅನುಮತಿಯ ಗೇಟಿನ ಮುಂದೆ ನಿಲ್ಲುತ್ತದೆ. ಆ ಗೇಟಿಗೂ 120 ದಿನಗಳ ಗಡುವು ಬರಲಿ, ಅನುಮತಿಯ ತೀರ್ಮಾನ ಸಚಿವಾಲಯದಿಂದ ನ್ಯಾಯಾಲಯಕ್ಕೆ ಸರಿಯಲಿ, ಪ್ರತಿ ತನಿಖಾ ವರದಿಯ ಪ್ರತಿ ಸತ್ತವರ ಮನೆಗೆ ತಲುಪಲಿ. ಕಬ್ಬಿಣದ ತುಂಡನ್ನು ಕೈಬಿಟ್ಟ ಕೂಲಿಯಾಳುಗಳು ಏನು ಮಾಡಿದರು, ಯಾಕೆ ಮಾಡಿದರು ಎಂಬುದನ್ನು ಕಲ್ಕತ್ತೆಯ ಕೋರ್ಟು ವಿಚಾರಿಸಿತ್ತು. ಅಷ್ಟು ವಿಚಾರಣೆಯನ್ನಾದರೂ ಮಗನ ಎದೆಗೆ ಬಿದ್ದ ಗುಂಡಿನ ಬಗ್ಗೆ ಕೇಳುವ ಹಕ್ಕು ತಾಯಿಗೆ ಇದೆ.